ಬಾಂಬೆ ಮಿಠಾಯಿಯ ಬಣ್ಣ

ಉಪ್ಪು ಅಳೆಯುವ ಮೀಟರಿನ ಗಾಜನ್ನು ಗಿರಿರಾಜ್ ಮೂರನೆಯ ಸಲ ಬನಿಯನ್ನಿನ ಅಂಚಿನಿಂದ ಒರೆಸಿದ. ತೊಟ್ಟಿಯ ನೀರನ್ನು ಎರಡೇ ಹನಿ ಅದರ ಮೇಲೆ ಬಿಟ್ಟು, ಮುಚ್ಚಳ ಅದುಮಿ, ಕಿಟಕಿಯ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಒಳಗಿನ ನೀಲಿ ಗೆರೆ ನಲವತ್ತರಲ್ಲಿ ನಿಂತಿತ್ತು. ಮೊದಲೆರಡು ಸಲವೂ ಅಲ್ಲೇ ನಿಂತಿತ್ತು. ಸಮುದ್ರದ ನೀರಿನಲ್ಲಿ ಉಪ್ಪು ಮೂವತ್ತೈದರ ಆಸುಪಾಸಿನಲ್ಲಿರಬೇಕು. ಐದು ಹೆಚ್ಚಾಯಿತೆಂದರೆ ಅದು ಸಾರಿಗೆ ಒಂದು ಚಿಟಿಕೆ ಜಾಸ್ತಿ ಬಿದ್ದ ಹಾಗಲ್ಲ. ಒಳಗೆ ಬದುಕುವ ಜೀವಗಳಿಗೆ ಉಸಿರು ಕಟ್ಟುವ ಲೆಕ್ಕ.

"ಅದೇನ್ಲಾ ಬೆಳಗಾನೆದ್ದು ಸೂರ್ಯಂಗೆ ಕಣ್ಣು ಹೊಡೀತಾ ನಿಂತಿದ್ದೀಯ?" ಅಡುಗೆಮನೆಯ ಬಾಗಿಲಿಗೆ ಬಂದು ತಾಯಿ ಹನುಮಕ್ಕ ಕೇಳಿದಳು.

"ಏನಿಲ್ಲ ಬಿಡವ್ವ."

ಆ ಮನೆಯಲ್ಲಿ ಅತಿ ಹೆಚ್ಚು ಖರ್ಚಾಗುವ ಮಾತು ಅದೇ. ಒಂದೂವರೆ ವರ್ಷದ ಹಿಂದೆ ಹೆಂಡತಿ ಕೀರ್ತನಾ ಬಟ್ಟೆಬರೆ ತುಂಬಿಕೊಂಡು ಹೊರಟಾಗಲೂ ದೊಡ್ಡ ಜಗಳವೇನೂ ಆಗಿರಲಿಲ್ಲ. "ನಿಮ್ಮನೇಲಿ ಎಲ್ಲಾನೂ ಅಳೀತೀರ, ಏನನ್ನೂ ಹೇಳಲ್ಲ. ನಂಗೆ ಸಾಕಾಗೋಯ್ತು," ಎಂದಷ್ಟೇ ಅಂದಿದ್ದಳು. ಆಗಲೂ ಗಿರಿರಾಜ್ ಏನೂ ಹೇಳಲಿಲ್ಲ. ಈಗ ಅವಳು ಮಗಳನ್ನು ಕರೆದುಕೊಂಡು ನಾಗರಬಾವಿಯಲ್ಲಿ ಬಾಡಿಗೆ ಮನೆ ಮಾಡಿದ್ದಾಳೆ. ಗಿರಿರಾಜನ ಮನೆಯಿರುವ ಹೊಸಹಳ್ಳಿಯಿಂದ ಅಲ್ಲಿಗೆ ಸ್ಕೂಟರಿನಲ್ಲಿ ಅರ್ಧ ಗಂಟೆಯೂ ಬೇಡ. ದೂರದ ಊರಾಗಿದ್ದರೆ ದೂರ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಅಳೆಯುವುದು ಗಿರಿರಾಜನ ಕಸುಬು. ವಿಜಯನಗರದ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವನ ತಕ್ಕಡಿ ರಿಪೇರಿ ಅಂಗಡಿ ಇದೆ. ತರಕಾರಿಯವರು, ದಿನಸಿ ಅಂಗಡಿಯವರು, ಹೂವಿನವರು, ಎಲ್ಲರ ಎಲೆಕ್ಟ್ರಾನಿಕ್ ತಕ್ಕಡಿಗಳೂ ಕಾಯಿಲೆ ಬಿದ್ದರೆ ಅವನ ಮೇಜಿಗೇ ಬರುತ್ತವೆ. ಐದು ಗ್ರಾಂ ಆಚೀಚೆಯಾದರೂ ಅವನಿಗೆ ಊಟ ಸೇರುವುದಿಲ್ಲ. ಅಂಥವನ ಮನೆಯ ನಡುಮನೆಯಲ್ಲೇ ಲೆಕ್ಕಕ್ಕೆ ಸಿಗದ ಉಪ್ಪು ಬಂದು ಕೂತಿತ್ತು.

ಈ ತೊಟ್ಟಿಯನ್ನು ಅವನು ಕಟ್ಟಿದ್ದು ಮಗಳು ಕವನಾಳಿಗಾಗಿ. ಅವಳಿಗೆ ಆರು ವರ್ಷವಾಗಿದ್ದಾಗ ಮಲ್ಪೆಗೆ ಹೋಗಿದ್ದರು. ವಾಪಸು ಹೊರಡುವಾಗ ಹುಡುಗಿ ಮರಳಿನಲ್ಲಿ ಕೂತುಬಿಟ್ಟಳು: ಸಮುದ್ರವನ್ನೂ ಮನೆಗೆ ತೆಗೆದುಕೊಂಡು ಹೋಗೋಣ. ಬೇರೆ ಅಪ್ಪಂದಿರು ಐಸ್‌ಕ್ರೀಮ್ ಕೊಡಿಸಿ ಮರೆಸುತ್ತಿದ್ದರು. ಗಿರಿರಾಜ್ ಆರು ತಿಂಗಳು ಓದಿ, ಕೇಳಿ, ಇನ್ನೂರು ಲೀಟರಿನ ಗಾಜಿನ ತೊಟ್ಟಿ ತಂದು, ಉಪ್ಪು ಕಲಸಿ, ದೀಪ ಕಟ್ಟಿ, ಒಂದು ಜೊತೆ ಮೀನೂ ನಾಲ್ಕು ಬಗೆಯ ಮೆತ್ತನೆಯ ಹವಳವೂ ಅದರೊಳಗೆ ಬದುಕುವಂತೆ ಮಾಡಿದ. ಅವುಗಳಲ್ಲಿ ಒಂದು ಗುಲಾಬಿ ಬಣ್ಣದ್ದು. ಕಡ್ಡಿಯಂಥ ದಂಟುಗಳ ತುದಿಯಲ್ಲಿ ಪುಟ್ಟ ಪುಟ್ಟ ಕೈಗಳು. ಆ ಕೈಗಳು ದಿನವಿಡೀ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಕವನಾ ಅದಕ್ಕೆ ಬಾಂಬೆ ಮಿಠಾಯಿ ಅಂತ ಹೆಸರಿಟ್ಟಳು. ಶಾಲೆಗೆ ಹೊರಡುವಾಗ ಅದು ತನಗೆ ಟಾಟಾ ಮಾಡುತ್ತದೆ ಎನ್ನುತ್ತಿದ್ದಳು.

ಅವಳು ಹದಿನೈದು ದಿನಕ್ಕೊಂದು ಭಾನುವಾರ ಬರುವ ಮಾತಾಗಿತ್ತು. ಕಳೆದ ಸಲ ಬಂದು ಹೋದ ಮೇಲೆ ಎರಡು ದಿನ ಅತ್ತು, ಶಾಲೆಗೂ ಹೋಗದೆ ಮಲಗಿಬಿಟ್ಟಳಂತೆ. "ಸ್ವಲ್ಪ ದಿನ ಬೇಡ, ಅವಳು ಸುಧಾರಿಸಿಕೊಳ್ಳಲಿ," ಎಂದು ಕೀರ್ತನಾ ಫೋನು ಮಾಡಿ ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹಾಗಾಗಿ ಜಗಳವಾಡುವುದಕ್ಕೂ ಆಗಲಿಲ್ಲ. ಆ ಸ್ವಲ್ಪ ದಿನ ಬೆಳೆದು ಒಂಬತ್ತು ವಾರವಾಯಿತು. ನಡುವೆ ಉಳಿದದ್ದು ಫೋನು ಮಾತ್ರ. ಅದರಲ್ಲೂ ಅಪ್ಪ ಮಗಳಿಗೆ ಇದ್ದದ್ದು ಒಂದೇ ಮಾತು.

"ಅಪ್ಪ, ಬಾಂಬೆ ಮಿಠಾಯಿ ಹೇಗಿದೆ?"

"ಚೆನ್ನಾಗಿದೆ."

"ಟಾಟಾ ಮಾಡ್ತಿದೆಯಾ?"

"ಮಾಡ್ತಿದೆ."

ಮೂರು ವಾರದಿಂದ ಅದು ಸುಳ್ಳಾಗಿತ್ತು. ಮೊದಲು ಗುಲಾಬಿ ಬಣ್ಣ ಮಾಸಿತು. ಆಮೇಲೆ ತೊಳೆದು ತೊಳೆದು ಬಿಳುಚಿದ ಒಳಲಂಗದ ಹಾಗೆ ಬೆಳ್ಳಗಾಯಿತು. ಕೈಗಳು ತೆರೆಯುವುದನ್ನೇ ಬಿಟ್ಟು ಮುಷ್ಟಿ ಕಟ್ಟಿಕೊಂಡು ಕೂತವು. ಗಿರಿರಾಜನಿಗೆ ನಿಜಕ್ಕೂ ಭಯವಾಯಿತು. ಅದು ಸತ್ತರೆ ಮಗಳು ಫೋನಿನಲ್ಲಿ ಏನು ಕೇಳುತ್ತಾಳೆ? ತಾನೇನು ಹೇಳುವುದು? ಅವರಿಬ್ಬರ ನಡುವೆ ಉಳಿದಿದ್ದ ಒಂದೇ ದಾರಿ ಆ ಬೆರಳುದ್ದದ ಜೀವದ ಮೂಲಕ ಹಾದುಹೋಗುತ್ತಿತ್ತು.

ಮೀನಿನ ಅಂಗಡಿಯ ವೀರೇಶನನ್ನು ಕೇಳಿದ್ದ. ವೀರೇಶ ಫೋಟೋ ದೊಡ್ಡದು ಮಾಡಿ ನೋಡಿ, "ಬಣ್ಣ ಹೋದ್ರೆ ಸತ್ತೋಯ್ತು ಅಂತಲ್ಲ ಅಣ್ಣ. ಒಳಗೆ ಜೀವ ಹಿಡ್ಕೊಂಡಿರತ್ತೆ. ಆದ್ರೆ ಜಾಸ್ತಿ ದಿನ ಕಾಯಲ್ಲ, ಕಾರಣ ಬೇಗ ಹುಡುಕಿ," ಎಂದಿದ್ದ. ದೀಪ ಜಾಸ್ತಿಯಾಯಿತೇನೋ ಅಂತ ಕಡಿಮೆ ಮಾಡಿದ. ಏನೂ ಆಗಲಿಲ್ಲ. ನೀರು ಬಿಸಿಯಾಗಿದೆಯೇ ಅಂತ ಹಗಲೆಲ್ಲ ನೋಡಿದ. ಮೀನಿನ ಊಟ ಕಡಿಮೆ ಮಾಡಿದ, ಮೀನುಗಳು ಸೊರಗಿದವು. ನೀರಿನ ಗುಣ ತಿಳಿಯಲು ಬಣ್ಣ ಬದಲಾಯಿಸುವ ಪರೀಕ್ಷೆ ಹನಿಗಳನ್ನು ಹಾಕಿ ಹಾಕಿ ಸೀಸೆಗಳೇ ಖಾಲಿಯಾದವು.

"ಉಪ್ಪು ನೋಡಿದ್ರಾ ಅಣ್ಣ?" ಎಂದು ವೀರೇಶ ಮೊದಲ ದಿನವೇ ಕೇಳಿದ್ದ.

"ಉಪ್ಪು ಕಲಸೋನು ನಾನೇ ಕಣೋ. ಅಳತೆ ಮಾಡ್ದೆ ಒಂದು ಲೋಟ ನೀರೂ ಹಾಕಲ್ಲ," ಅಂದಿದ್ದ ಗಿರಿರಾಜ್. ಅಷ್ಟು ಜಂಬ. ತಾನು ಹಾಕುವ ನೀರನ್ನೆಲ್ಲ ಅಳೆದಿದ್ದ. ಒಳಗಿದ್ದ ನೀರನ್ನು ಮಾತ್ರ ಅಳೆದಿರಲಿಲ್ಲ.

ಆ ಸೋಮವಾರ ಬೆಳಗ್ಗೆ, ಉಳಿದದ್ದೆಲ್ಲ ಮುಗಿದ ಮೇಲೆ, ಅದನ್ನೂ ಒಂದು ನೋಡಿಬಿಡೋಣ ಅಂತ ಮೀಟರನ್ನು ಕಿಟಕಿಗೆ ಹಿಡಿದಿದ್ದ. ಹಿಂದಿನ ರಾತ್ರಿಯಷ್ಟೇ ಕೀರ್ತನಾಳ ಮೆಸೇಜು ಬಂದಿತ್ತು: ಭಾನುವಾರ ಕವನಾಳನ್ನು ಕರೆತರುತ್ತೇನೆ, ಹವಳ ನೋಡಬೇಕಂತೆ.

ಮೀಟರು ಕೆಟ್ಟಿದೆಯೇ ಅಂತ ಶುದ್ಧ ನೀರಿಗೆ ಹಿಡಿದ. ಸೊನ್ನೆ ತೋರಿಸಿತು. ಮೀಟರು ಸರಿಯಾಗಿದೆ. ಕಲಸಿಟ್ಟ ಹೊಸ ನೀರು ನೋಡಿದ, ಮೂವತ್ತೈದು. ಆವಿಯಾದಷ್ಟು ಸಿಹಿನೀರನ್ನು ಸಣ್ಣ ಮೋಟರು ತಾನಾಗಿ ತುಂಬುತ್ತದೆ, ಅದೂ ಓಡುತ್ತಿತ್ತು. ಹೊರಗಿನಿಂದ ಯಾರೂ ಹಾಕದೆ ಉಪ್ಪು ಹುಟ್ಟುವುದು ಹೇಗೆ? ಅಂಗಡಿಯಲ್ಲಿ ಇಡೀ ದಿನ ಅದೇ ತಲೆಯಲ್ಲಿ ಕೊರೆಯಿತು. ಹೂವಿನವಳ ತಕ್ಕಡಿಯನ್ನು ಎರಡು ಸಲ ಬಿಚ್ಚಿ ಎರಡು ಸಲ ಜೋಡಿಸಿದ.

ಮಂಗಳವಾರ ಅಂಗಡಿಯನ್ನು ಬೇಗ ಮುಚ್ಚಿದ. ತೊಟ್ಟಿಯ ನೀರನ್ನು ಸ್ವಲ್ಪ ತೆಗೆದು ಸಿಹಿನೀರು ಸೇರಿಸಬೇಕು, ಅದೂ ದಿನಕ್ಕೆ ಇಷ್ಟಿಷ್ಟೇ, ಒಂದೇ ಸಲ ಉಪ್ಪು ಇಳಿಸಿದರೆ ಹವಳಕ್ಕೆ ಅದರಿಂದಲೇ ಏಟು ಬೀಳುತ್ತದೆ. ಕ್ಯಾನು ಹೊತ್ತು ಮೆಟ್ಟಿಲು ಹತ್ತುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಬಾಗಿಲು ಓರೆಯಾಗಿತ್ತು.

ಹನುಮಕ್ಕ ತೊಟ್ಟಿಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಆ ಗೋಡೆಯ ಮೇಲೆ ಪೆನ್ಸಿಲಿನ ಗೆರೆಗಳಿದ್ದವು. ಪ್ರತಿ ಹುಟ್ಟುಹಬ್ಬಕ್ಕೂ ಕವನಾಳನ್ನು ನಿಲ್ಲಿಸಿ, ತಲೆಯ ಮೇಲೆ ಸ್ಕೇಲಿಟ್ಟು, ಗಿರಿರಾಜ್ ಎಳೆದ ಗೆರೆಗಳು. ಭುಜದ ನೋವಿನಿಂದ ಹೆಚ್ಚು ಮೇಲೆ ಏಳದ ಹನುಮಕ್ಕನ ಬಲಗೈ ಮುಷ್ಟಿ ಕಟ್ಟಿತ್ತು. ಕೊನೆಯ ಗೆರೆಯ ಎತ್ತರಕ್ಕೆ ಸರಿಯಾಗಿ, ಅಲ್ಲೊಂದು ತಲೆ ಇದೆಯೋ ಎಂಬಂತೆ, ಆ ಮುಷ್ಟಿ ಖಾಲಿ ಗಾಳಿಯಲ್ಲಿ ಸುತ್ತುತ್ತಿತ್ತು. ಬಲಕ್ಕೆ ಮೂರು ಸುತ್ತು, ಎಡಕ್ಕೆ ಮೂರು ಸುತ್ತು.

"ಬೀದಿಯೋರ ಕಣ್ಣು, ಬಸ್ಸಲ್ಲಿ ಕಂಡೋರ ಕಣ್ಣು, ಇಸ್ಕೂಲೋರ ಕಣ್ಣು, ಅಪ್ಪನ ಕಣ್ಣು, ಅವ್ವನ ಕಣ್ಣು, ಈ ಮುದ್ಕಿ ಕಣ್ಣು, ಎಲ್ಲಾ ಹೋಗ್ಲಿ. ನನ್ ಕೂಸು ಮನೆಗ್ ಬರ್ಲಿ."

ಆಮೇಲೆ ತೊಟ್ಟಿಯ ಮುಚ್ಚಳವನ್ನು ಎಡಗೈಯಿಂದ ಸರಿಸಿ ಮುಷ್ಟಿ ಬಿಚ್ಚಿದಳು. ಕಲ್ಲುಪ್ಪು ಬುಳಬುಳನೆ ಬಿತ್ತು. ಮೀನುಗಳು ಕಲ್ಲಿನ ಹಿಂದಕ್ಕೆ ಓಡಿದವು.

ಗಿರಿರಾಜನಿಗೆ ಮೊದಲು ಬಂದದ್ದು ಸಿಟ್ಟೇ. ಮೂರು ವಾರ ಅವನು ಪಟ್ಟ ಪಾಡಿಗೆ ಯಾರಿಗಾದರೂ ಬರಬೇಕಾದ್ದೇ. ಕ್ಯಾನನ್ನು ಧಡ್ಡನೆ ಇಟ್ಟ.

"ಏನ್ ಮಾಡ್ತಿದ್ದೀಯವ್ವಾ?"

ಹನುಮಕ್ಕ ಬೆಚ್ಚಿ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಏನಿಲ್ಲ ಕಣ್ಲಾ."

"ಎಷ್ಟ್ ದಿನದಿಂದ ಹಾಕ್ತಿದ್ದೀಯ?"

"ಕೂಸು ಬರಾದು ನಿಂತಾಗ್ಲಿಂದ. ಮಂಗ್ಳಾರ, ಶುಕ್ರಾರ. ಯಾರ್ ಕಣ್ಣು ಬಿತ್ತೋ ಏನೋ ಈ ಮನೆ ಮ್ಯಾಲೆ."

"ದೃಷ್ಟಿ ತೆಗೆಯೋದಾದ್ರೆ ತೆಗಿ. ತೊಟ್ಟಿಗ್ಯಾಕೆ ಹಾಕ್ದೆ?"

"ಇನ್ನೆಲ್ಲಿಗ್ ಹಾಕ್ಲಿ ಹೇಳು? ನೀರಲ್ಲಿ ಕರಗ್ಬೇಕು ಅದು. ಬಾವಿ ಇತ್ತು, ಮುಚ್ಚುದ್ರಿ, ಈಗ ಅದ್ರ ಮ್ಯಾಲೆ ಪಕ್ಕದ್ಮನೆಯೋರ್ ಕಾರು ನಿಲ್ತದೆ. ಎಂಜ್ಲು ತೊಳಿಯೋ ಸಿಂಕಿಗೆ ಮಗೀನ್ ದೃಷ್ಟಿ ಸುರಿಯಾಕಾಯ್ತದಾ? ಗಿಡದ ಬುಡಕ್ಕೆ ಹಾಕುದ್ರೆ ಗಿಡ ಒಣಗೋಯ್ತದೆ. ಇದಾದ್ರೆ ಹೆಂಗೂ ಉಪ್ನೀರು. ಉಪ್ನೀರಿಗೆ ಒಂದ್ ಹಿಡಿ ಉಪ್ಪು ಬಿದ್ರೆ ಏನಾಯ್ತದೆ?"

ಗಿರಿರಾಜ್ ಅಡುಗೆಮನೆಗೆ ಹೋಗಿ ಉಪ್ಪಿನ ಭರಣಿ ತಂದು ತಾಯಿಯ ಮುಂದೆ ಹಿಡಿದ. "ಒಂದ್ ಹಿಡಿ ತಗೋ." ಹನುಮಕ್ಕ ತೆಗೆದುಕೊಂಡಳು. ಅದನ್ನು ಮನೆಯಲ್ಲಿದ್ದ ಪುಟ್ಟ ತಕ್ಕಡಿಯ ಮೇಲೆ ಹಾಕಿಸಿದ. ಎಪ್ಪತ್ತೆರಡು ಗ್ರಾಂ. ವಾರಕ್ಕೆ ಎರಡು, ಇವತ್ತಿನದೂ ಸೇರಿ ಹದಿನೆಂಟು ಹಿಡಿ. ಇನ್ನೂರು ಲೀಟರಿಗೆ ಹಂಚಿ, ವಾರವಾರ ತಾನು ಬದಲಾಯಿಸಿದ ನೀರಿನ ಜೊತೆ ಹೊರಟುಹೋದದ್ದನ್ನು ಕಳೆದ. ಲೆಕ್ಕ ಕೂಡಿಬಂತು. ಆ ಹೆಚ್ಚಿನ ಐದೂ ಅವನ ಮಗಳ ಹೆಸರಿನಲ್ಲಿ ಬಿದ್ದದ್ದೇ. ಅಷ್ಟು ದಿನ ತಾನೊಬ್ಬನೇ ಈ ಮನೆಯಲ್ಲಿ ಕಾಯುತ್ತಿದ್ದೇನೆ ಅಂದುಕೊಂಡಿದ್ದ. ಸಿಟ್ಟು ಎಲ್ಲಿ ಹೋಯಿತೋ, ತಕ್ಕಡಿಯ ಮೇಲಿನ ಉಪ್ಪನ್ನು ಒಂದು ಹರಳೂ ಚೆಲ್ಲದಂತೆ ಭರಣಿಗೆ ಸುರಿದ.

ಮಗನ ಮುಖ ನೋಡಿದ ಮೇಲೆ ಹನುಮಕ್ಕ ತೊಟ್ಟಿಯ ಕಡೆ ತಿರುಗಿದಳು. ಬಿಳುಚಿದ ಹವಳವನ್ನು ನೋಡಿದಳು. "ಅಂದ್ರೆ ಅದು ಬೆಳ್ಳಗಾದದ್ದು..." ಅಂದವಳು ಅಲ್ಲೇ ಕುಸಿದು ಕೂತಳು. "ಅಯ್ಯೋ ಶಿವನೇ. ಬಣ್ಣ ಹೋಯ್ತಾ ಇದ್ದದ್ದ ನೋಡಿ, ಇದ್ಕೂ ದೃಷ್ಟಿ ಆಗದೆ ಅಂತ ಹಿಡಿ ಇನ್ನೊಂಚೂರು ದಪ್ಪ ಮಾಡಿದ್ನಲ್ಲಾ. ಕೂಸು ಬಂದು ಕೇಳುದ್ರೆ ಏನ್ ಹೇಳ್ತೀಯ?"

"ನನ್ ತಪ್ಪು ಅಂತೀನಿ. ಬಿಡು."

ಭಾನುವಾರದವರೆಗೆ ದಿನಕ್ಕೆ ಒಂದಕ್ಕೆ ಮೀರದಂತೆ ಉಪ್ಪು ಇಳಿಸಿದ. ಮೂವತ್ತೊಂಬತ್ತು, ಮೂವತ್ತೆಂಟು. ಶುಕ್ರವಾರ ಸಂಜೆ ಹನುಮಕ್ಕ ಉಪ್ಪಿನ ಭರಣಿಯ ಮುಚ್ಚಳ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಆಮೇಲೆ ದೇವರ ಮುಂದೆ ಬರಿಗೈಯಲ್ಲಿ ಕೂತಿದ್ದಳು. ಅವಳನ್ನು ನೋಡಲು ಗಿರಿರಾಜನಿಗೆ ಸಂಕಟವಾಯಿತು.

ಭಾನುವಾರ ಹತ್ತು ಗಂಟೆಗೆ ಗೇಟಿನ ಮುಂದೆ ಸ್ಕೂಟರು ನಿಂತಿತು. "ಐದಕ್ಕೆ ಬರ್ತೀನಿ," ಎಂದು ಕೀರ್ತನಾ ಹೆಲ್ಮೆಟ್ಟು ತೆಗೆಯದೆ ಹೊರಟುಹೋದಳು. ಕವನಾ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದು, ಬ್ಯಾಗನ್ನೂ ಇಳಿಸದೆ ತೊಟ್ಟಿಯ ಮುಂದೆ ನಿಂತಳು. ಬಾಂಬೆ ಮಿಠಾಯಿ ಮುಷ್ಟಿ ಕಟ್ಟಿಕೊಂಡು ಬೆಳ್ಳಗೆ ಕೂತಿತ್ತು. ಹನುಮಕ್ಕ ಅಡುಗೆಮನೆಯ ಬಾಗಿಲಿಂದ ಈಚೆಗೆ ಬರಲಿಲ್ಲ.

"ಚೆನ್ನಾಗಿದೆ ಅಂದಿದ್ದೆ ನೀನು," ಎಂದಳು ಕವನಾ, ತಿರುಗದೆಯೇ.

"ಹೂಂ."

"ಟಾಟಾ ಮಾಡ್ತಿದೆ ಅಂದೆ. ಸುಳ್ಳು. ನಾನಿಲ್ಲ ಅಂತ ಯಾರೂ ನೋಡ್ಕೊಳ್ಳೇ ಇಲ್ಲ."

ಏನಿಲ್ಲ, ಸರಿಹೋಗತ್ತೆ ಬಿಡು ಎಂಬ ಮಾತು ಗಿರಿರಾಜನ ನಾಲಗೆಯ ತುದಿಗೆ ಬಂದಿತ್ತು. ಮಗಳ ಬೆನ್ನ ಮೇಲಿನ ಬ್ಯಾಗು ಕಣ್ಣಿಗೆ ಬಿತ್ತು. ಎರಡೂ ಪಟ್ಟಿಗಳನ್ನು ಅವಳು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಈಗಲೇ ವಾಪಸು ಹೊರಡುವವಳ ಹಾಗೆ. ಅವನು ಅವಳ ಪಕ್ಕ ನೆಲದ ಮೇಲೆ ಕೂತ.

"ನೀರಿಗೆ ಉಪ್ಪು ಜಾಸ್ತಿ ಆಗಿತ್ತು ಪುಟ್ಟಿ. ಅಜ್ಜಿ ಹಾಕಿದ್ರು. ನಿಂಗೆ ದೃಷ್ಟಿ ತೆಗ್ದು ತೆಗ್ದು."

"ನಂಗಾ? ನಾನು ಇರ್ಲೇ ಇಲ್ವಲ್ಲ."

"ಇರ್ಲಿಲ್ಲ. ಅದಕ್ಕೇ." ಅವನು ಗೋಡೆಯ ಗೆರೆ ತೋರಿಸಿದ. "ನೀನು ಇಲ್ಲಿ ನಿಂತಿದ್ದೀಯ ಅಂದ್ಕೊಂಡು ತೆಗೀತಿದ್ರು. ವಾರಕ್ಕೆ ಎರಡು ಸಲ. ಹದಿನೆಂಟು ಸಲ."

ಕವನಾ ಗೆರೆಯನ್ನು ನೋಡಿದಳು, ಅಡುಗೆಮನೆಯ ಬಾಗಿಲನ್ನು ನೋಡಿದಳು. ಬಾಗಿಲ ಮರೆಯಲ್ಲಿ ಅಜ್ಜಿಯ ಸೀರೆಯ ಸೆರಗಷ್ಟೇ ಕಾಣುತ್ತಿತ್ತು.

"ಒಂದ್ಸಲಾನೂ ಮಿಸ್ ಮಾಡ್ಲಿಲ್ವಾ?"

"ಒಂದ್ಸಲಾನೂ ಇಲ್ಲ."

"ನೀನು? ನೀನೇನ್ ಮಾಡ್ತಿದ್ದೆ?"

ಅಳತೆ ಮಾಡಿ ಆಡುವ ಮಾತು ಇದಲ್ಲ ಅಂತ ಗಿರಿರಾಜನಿಗೆ ಗೊತ್ತಾಯಿತು. "ನಾನು ಇದನ್ನ ನೋಡ್ತಾ ಕೂತಿರ್ತಿದ್ದೆ. ಇದು ಸತ್ತೋದ್ರೆ ನೀನು ಫೋನ್ ಮಾಡಲ್ಲ ಅಂತ ಭಯ ಆಗಿತ್ತು. ಅದಕ್ಕೇ ಸುಳ್ಳು ಹೇಳ್ದೆ. ನೀನಿಲ್ದೆ ನನ್ ಕೈಲಿ ಆಗ್ತಿಲ್ಲ ಕಣೇ."

ಕವನಾ ಗಾಜಿಗೆ ಹಣೆ ಒತ್ತಿಕೊಂಡಳು. ಉಸಿರಿಗೆ ಗಾಜು ಮಂಜಾಯಿತು.

"ಇದು ಸತ್ತೋದ್ರೂ ಫೋನ್ ಮಾಡ್ತೀನಿ ಅಪ್ಪ," ಅಂದಳು. "ನಿನ್ ಹತ್ರ ಬೇರೆ ಏನ್ ಕೇಳ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ, ಅದಕ್ಕೆ ಇದನ್ನೇ ಕೇಳ್ತಿದ್ದೆ."

ಬ್ಯಾಗು ಇಳಿಯಿತು. ಅವಳು ಅಡುಗೆಮನೆಗೆ ಹೋದಳು. ಒಳಗೆ ಅಜ್ಜಿ ಮೊಮ್ಮಗಳು ಇಬ್ಬರೂ ಅತ್ತದ್ದು ಕೇಳಿಸಿತು. ಆಮೇಲೆ ಒಗ್ಗರಣೆ ಸಿಡಿದದ್ದೂ ಕೇಳಿಸಿತು. ಮಧ್ಯಾಹ್ನ ಮುದ್ದೆ ಉಂಡರು, ಅಪ್ಪ ಮಗಳು ಸೇರಿ ಎರಡು ಬಕೆಟ್ಟು ನೀರು ಬದಲಾಯಿಸಿದರು. ಮೀಟರನ್ನು ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕವನಾಳೇ ಓದಿದಳು: "ಮೂವತ್ತಾರು!" ಸಂಜೆ ನಾಲ್ಕೂವರೆಯಾಗುತ್ತಿದ್ದಂತೆ ಮೂವರೂ ಗಡಿಯಾರ ನೋಡದಿರಲು ಶುರುಮಾಡಿದರು.

"ಅಜ್ಜಿ, ಈಗ್ಲೇ ತೆಗೀರಿ ದೃಷ್ಟಿ. ನಾನು ಇಲ್ಲೇ ಇದೀನಲ್ಲ."

"ಇವತ್ತು ಭಾನ್ವಾರ ಕಣ್ ಮಗ. ಭಾನ್ವಾರ ನಾನ್ ತೆಗಿಯಾಕಿಲ್ಲ. ಮಂಗ್ಳಾರ ತೆಗೀತೀನಿ."

"ಮಂಗಳವಾರ ನಾನಿರಲ್ಲ ಅಲ್ವಾ?"

"ಗೊತ್ತು ಕಣವ್ವ," ಎಂದು ಹನುಮಕ್ಕ ಅವಳ ತಲೆ ಸವರಿದಳು.

ಕವನಾ ಸ್ವಲ್ಪ ಯೋಚಿಸಿ, ಗೋಡೆಗೆ ಬೆನ್ನು ಒತ್ತಿ ನಿಂತಳು. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಗದ್ದ ನೆಟ್ಟಗೆ ಮಾಡಿದಳು. "ಅಪ್ಪ, ಹಾಗಾದ್ರೆ ಗೆರೆ ಹಾಕು. ನಾನು ಉದ್ದ ಆಗಿದೀನಿ. ಅಜ್ಜಿಗೆ ಗೊತ್ತಾಗಲ್ಲ."

ಹುಟ್ಟುಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಗಿರಿರಾಜ್ ಸ್ಕೇಲಿಟ್ಟು ಗೆರೆ ಎಳೆದ. ಹಳೆಯದಕ್ಕಿಂತ ಎರಡು ಬೆರಳು ಮೇಲೆ.

ಐದಕ್ಕೆ ಸ್ಕೂಟರು ಬಂತು. ಗೇಟಿನಲ್ಲಿ ಗಿರಿರಾಜ್, "ಕೀರ್ತನಾ, ಮುಂದಿನ ಭಾನುವಾರಾನೂ ಕರ್ಕೊಂಡ್ ಬರ್ತೀಯಾ?" ಎಂದು ಕೇಳಿದ. ಕೀರ್ತನಾ ಅವನನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. "ನೋಡೋಣ," ಅಂದಳು. ಬೇಡ ಅನ್ನಲಿಲ್ಲ. ಸ್ಕೂಟರು ತಿರುವಿನಲ್ಲಿ ಮರೆಯಾಗುವ ತನಕ ಹಿಂದಿನ ಸೀಟಿನಿಂದ ಒಂದು ಪುಟ್ಟ ಕೈ ತೆರೆದು ಮುಚ್ಚಿ ಮಾಡುತ್ತಿತ್ತು.

ಮಂಗಳವಾರ ಗಿರಿರಾಜ್ ಬೇಕೆಂದೇ ಬೇಗ ಬಂದ. ಚಪ್ಪಲಿಯನ್ನು ಕೆಳಗೇ ಬಿಟ್ಟು, ಸದ್ದಾಗದಂತೆ ಮೆಟ್ಟಿಲು ಹತ್ತಿ, ಓರೆ ಬಾಗಿಲಿನ ಆಚೆ ನಿಂತ. ದೃಷ್ಟಿಯ ಉಪ್ಪು ಕರಗಿಸಲೆಂದು ಬೆಳಗ್ಗೆ ತಾನು ನೀರು ತುಂಬಿಸಿ ಇಟ್ಟಿದ್ದ ಹಿತ್ತಾಳೆಯ ಚೊಂಬು ಗೋಡೆಯ ಬುಡದಲ್ಲಿ ಹಾಗೇ ಇತ್ತು. ತೊಟ್ಟಿಯ ದೀಪ ಉರಿಯುತ್ತಿತ್ತು. ಬಾಂಬೆ ಮಿಠಾಯಿ ಇನ್ನೂ ಬೆಳ್ಳಗೇ ಇತ್ತು.

ಹನುಮಕ್ಕ ಮುಷ್ಟಿ ಕಟ್ಟಿ ಗೋಡೆಯ ಮುಂದೆ ನಿಂತಳು. ಕೈ ರೂಢಿಯಂತೆ ಹಳೆಯ ಗೆರೆಯ ಹತ್ತಿರ ಹೋಗಿ ತಡೆದು ನಿಂತಿತು. ಹೊಸ ಗೆರೆಯನ್ನು ಎಡಗೈ ಬೆರಳಿನಿಂದ ತಡವಿ ನೋಡಿದಳು. ಭುಜದ ನೋವಿಗೆ ತೋಳು ಅಷ್ಟು ಮೇಲೆ ಏಳಲಿಲ್ಲ. ಇನ್ನೊಂದು ಸಲ ಎತ್ತಲು ನೋಡಿದಳು. ಆಮೇಲೆ ಗೋಡೆಗೆ ಒಂದು ಕೈ ಆನಿಸಿ, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು, ಅಲ್ಲಿಲ್ಲದ ತಲೆಯ ಸುತ್ತ ಕೈ ತಿರುಗಿಸತೊಡಗಿದಳು.